ಕಲ್ಲೇಟಿಗೆ ಸೋರಿದ ಕಾರ್ ಎ.ಸಿ: ನಾನೇ ಸರಿ ಮಾಡಿಕೊಂಡ ಬಗೆ

ನನ್ನ ಕಾರಿನ ಎ.ಸಿ ಒಂದೇ ದಿನಕ್ಕೆ ಕೆಡಲಿಲ್ಲ. ಮೊದಲು ಸಿಗ್ನಲ್‌ನಲ್ಲಿ ನಿಂತಾಗ ತಂಪು ಕಡಿಮೆ, ಓಡುವಾಗ ಪರವಾಗಿಲ್ಲ ಅನ್ನುವ ಹಾಗಿತ್ತು. ಆಮೇಲೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಕ್ಲಚ್ ಟಕ್ ಅಂತ ಹಿಡಿಯುತ್ತಿತ್ತು, ಕೆಲವೇ ಸೆಕೆಂಡಿನಲ್ಲಿ ಬಿಟ್ಟುಬಿಡುತ್ತಿತ್ತು. ಕೊನೆಗೆ ಹಿಡಿಯುವುದೂ ನಿಂತಿತು. ಕೇಳಿದವರೆಲ್ಲ "ಗ್ಯಾಸ್ ಹಾಕಿಸಿ, ಸರಿ ಹೋಗುತ್ತೆ" ಅಂದರು.

ಎ.ಸಿ ಗ್ಯಾಸ್ ಪೆಟ್ರೋಲ್ ಹಾಗೆ ಖರ್ಚಾಗುವ ವಸ್ತು ಅಲ್ಲ. ಅದೇ ಗ್ಯಾಸ್ ಒಳಗೇ ಸುತ್ತುತ್ತಿರುತ್ತದೆ. ವರ್ಷಗಟ್ಟಲೆ ಓಡಿದ ಕಾರಿನಲ್ಲಿ ರಬ್ಬರ್ ಹೋಸ್‌ಗಳ ಮೂಲಕ ಒಂದಿಷ್ಟು ಜಿನುಗುವುದು ನಿಜ. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತು ಅಂದರೆ ಎಲ್ಲೋ ತೂತಾಗಿದೆ ಅಂತಲೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ಸುಮ್ನೆ ದುಡ್ಡು ದಂಡ. ಗಾಳಿಗೂ ಒಳ್ಳೆಯದಲ್ಲ: ನನ್ನ ಕಾರಿನಲ್ಲಿರುವ ಆರ್-134ಎ ಅನ್ನುವ ಗ್ಯಾಸ್, ತೂಕಕ್ಕೆ ತೂಕ ಹೋಲಿಸಿದರೆ, ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಇಂಜಿನ್ ಆಫ್ ಇಟ್ಟು ಒತ್ತಡ ಅಳೆಯುವ ಗೇಜ್ ಹಚ್ಚಿದೆ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಒಳಗೆ ಗ್ಯಾಸ್ ಸ್ವಲ್ಪವಾದರೂ ದ್ರವ ರೂಪದಲ್ಲಿ ಉಳಿದಿದ್ದರೆ, ನಿಂತ ಕಾರಿನ ಒತ್ತಡ ಬರೀ ಸೆಕೆಯನ್ನು ಹೇಳುತ್ತದೆ, ಗ್ಯಾಸ್ ಎಷ್ಟಿದೆ ಅಂತ ಹೇಳುವುದಿಲ್ಲ. 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ (ಒತ್ತಡದ ಅಳತೆ) ಬರುತ್ತದೆ; 200 ಗ್ರಾಂ ಇದ್ದರೂ ಅಷ್ಟೇ, 500 ಗ್ರಾಂ ಇದ್ದರೂ ಅಷ್ಟೇ. ಹಾಗಾಗಿ "ಒತ್ತಡ ಸರಿಯಿದೆ, ಗ್ಯಾಸ್ ಇದೆ" ಅನ್ನುವ ಮಾತನ್ನು ನಾನು ನಂಬುವುದಿಲ್ಲ. ನನ್ನ ಗೇಜ್ ತೋರಿಸಿದ್ದು 30ರ ಆಸುಪಾಸು. ಅಂದರೆ ದ್ರವ ಪೂರ್ತಿ ಹೋಗಿದೆ. ಒತ್ತಡ ಇಷ್ಟು ಇಳಿದಾಗ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ಓಡಲು ಬಿಡುವುದಿಲ್ಲ. ಬಿಟ್ಟರೆ ಎಣ್ಣೆ ಸರಿಯಾಗಿ ಸುತ್ತುವುದಿಲ್ಲ, ಕಂಪ್ರೆಸರ್ ಸುಟ್ಟುಹೋಗುತ್ತದೆ.

ತೂತು ಹುಡುಕಲು ಟಾರ್ಚ್ ಸಾಕಾಯಿತು. ಗ್ಯಾಸ್ ಸೋರುವ ಕಡೆ ಕಂಪ್ರೆಸರ್ ಎಣ್ಣೆಯೂ ಜೊತೆಗೆ ಬರುತ್ತದೆ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ಬಂಪರ್ ಜಾಲರಿಯ ಹಿಂದೆ, ಬಿಸಿ ಗ್ಯಾಸನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್‌ನ ಕೆಳಮೂಲೆಯಲ್ಲಿ ಅಂಗೈಯಗಲ ಕಪ್ಪು ಜಿಡ್ಡು ಕಂಡಿತು. ನಡುವೆ ಕಲ್ಲು ಬಡಿದು ತಗ್ಗಾದ ಒಂದು ಟ್ಯೂಬ್. ಸೋಪಿನ ನೊರೆ ಹಚ್ಚಿದೆ, ಗುಳ್ಳೆ ಎದ್ದಿತು. ಇಷ್ಟು ಸುಲಭಕ್ಕೆ ಎಲ್ಲರಿಗೂ ಸಿಗುವುದಿಲ್ಲ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೋರಿದರೆ ಹುಡುಕುವುದೇ ದೊಡ್ಡ ಕೆಲಸ.

ಟ್ಯೂಬಿಗೆ ಅಂಟು ಮೆತ್ತುವುದು, ಸೋರಿಕೆ ಮುಚ್ಚುವ ಡಬ್ಬಿ ಔಷಧಿ ಹಾಕುವುದು, ಇವೆರಡೂ ನನಗೆ ಆಗದ ಮಾತು. ಎ.ಸಿಯ ಹೆಚ್ಚು ಒತ್ತಡದ ಬದಿ ಬೇಸಿಗೆಯಲ್ಲಿ 200 ಪಿಎಸ್‌ಐ ದಾಟುತ್ತದೆ, ಅಂಟು ಎಷ್ಟು ದಿನ ತಡೆದೀತು? ಆ ಔಷಧಿ, ದ್ರವದ ಒತ್ತಡ ಇಳಿಸಿ ತಂಪಾಗಿಸುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ದಾರಿಯಲ್ಲಿ ಗಟ್ಟಿಯಾದರೆ ಇನ್ನೊಂದು ತೊಂದರೆ. ಹೊಸ ಕಂಡೆನ್ಸರ್ ತಂದೆ. ಇದರಲ್ಲಿ ತೇವ ಹೀರುವ ಡ್ರೈಯರ್ ಪಕ್ಕಕ್ಕೇ ಸೇರಿಕೊಂಡಿರುತ್ತದೆ, ಹಾಗಾಗಿ ಅದೂ ಹೊಸದೇ ಸಿಕ್ಕಿತು. ಡ್ರೈಯರ್ ಬೇರೆ ಇರುವ ಕಾರಾದರೆ ಅದನ್ನು ಬದಲಿಸಲೇಬೇಕು. ಒಳಗಿನ ಕಾಳು ಗಾಳಿಯ ತೇವ ಹೀರಿ ತುಂಬಿಹೋಗಿರುತ್ತದೆ.

ಬಿಚ್ಚುವ ಮೊದಲು, ಉಳಿದಿದ್ದ ಗ್ಯಾಸನ್ನು ಗ್ಯಾರೇಜಿನ ರಿಕವರಿ ಮೆಷಿನ್‌ಗೆ ಎಳೆಸಿದೆ. ಆಮೇಲೆ ಬಂಪರ್ ಬಿಚ್ಚುವುದು, ಬ್ರಾಕೆಟ್ ಸಡಿಲಿಸುವುದು ಎಲ್ಲ ಮಾಮೂಲಿ. ಪೈಪಿನ ಜಾಯಿಂಟಿಗೆ ಮಾತ್ರ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಅಲ್ಯೂಮಿನಿಯಂ ಪೈಪ್ ಬೇಗ ಮುರುಚಿಕೊಳ್ಳುತ್ತದೆ. ಬಿಚ್ಚಿದ ತಕ್ಷಣ ಪೈಪಿನ ಬಾಯಿಗೆ ಮುಚ್ಚಳ ಹಾಕಿದೆ. ಒಳಗಿನ ಪಿಎಜಿ ಎಣ್ಣೆ (ಕಂಪ್ರೆಸರ್ ಎಣ್ಣೆ) ಗಾಳಿಯ ತೇವವನ್ನು ಬೇಗ ಹೀರುತ್ತದೆ. ಹೊಸ ಕಂಡೆನ್ಸರ್‌ಗೆ ಮ್ಯಾನುಯಲ್ ಹೇಳಿದಷ್ಟು ಎಣ್ಣೆ ಅಳೆದು ಹಾಕಿದೆ. ಹಳೆಯ ಓ-ರಿಂಗ್ (ಜಾಯಿಂಟಿನ ರಬ್ಬರ್ ಬಳೆ) ಒಂದನ್ನೂ ಉಳಿಸಲಿಲ್ಲ. ಎ.ಸಿಗೆಂದೇ ಮಾಡಿದ ಹೊಸ ರಿಂಗಿಗೆ ಅದೇ ಎಣ್ಣೆ ಸವರಿ ಕೂರಿಸಿದೆ. ಒಣಗಿದ ರಿಂಗ್ ಬಿಗಿಯುವಾಗ ಮಡಚಿ ಹರಿಯುತ್ತದೆ.

ಆಮೇಲೆ ಸೋರಿಕೆ ನೋಡಲು ನೈಟ್ರೋಜನ್. ರೆಗ್ಯುಲೇಟರ್ ಮೂಲಕ 150 ಪಿಎಸ್‌ಐ ತುಂಬಿಸಿ ಪ್ರತಿ ಜಾಯಿಂಟಿಗೂ ನೊರೆ ಹಚ್ಚಿದೆ. ಟೈರ್‌ಗೆ ಹಾಕುವ ಗಾಳಿ ಇಲ್ಲಿ ಬೇಡ. ಅದರಲ್ಲಿ ತೇವ ಇರುತ್ತದೆ. ಅಲ್ಲದೆ ಆರ್-134ಎ ಜೊತೆ ಗಾಳಿ ಬೆರೆತು ಒತ್ತಡಕ್ಕೆ ಸಿಕ್ಕರೆ ಅದು ಹೊತ್ತಿಕೊಳ್ಳಬಹುದು.

ಇಡೀ ಕೆಲಸದಲ್ಲಿ ಜನ ಅವಸರ ಮಾಡುವುದು ವ್ಯಾಕ್ಯೂಮ್‌ನಲ್ಲಿ, ಅಂದರೆ ಒಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದರಲ್ಲಿ. ಪಂಪ್ ಹಚ್ಚಿ ಗೇಜಿನ ಮುಳ್ಳು 29 ಇಂಚಿಗೆ (ಪಾದರಸದ ಲೆಕ್ಕದ ಇಂಚು) ಬಂದರೆ ಆಯಿತು ಅಂತ ನಿಲ್ಲಿಸಿಬಿಡುತ್ತಾರೆ. ಸಮುದ್ರ ಮಟ್ಟದಲ್ಲಿ 29 ಇಂಚು ಅಂದರೆ ನೀರು 25 ಡಿಗ್ರಿಗೇ ಕುದಿಯಲು ಶುರುವಾಗುವ ಒತ್ತಡ. ಅಂದರೆ ಒಣಗಿಸುವ ಕೆಲಸ ಆಗಷ್ಟೇ ಶುರು, ಅಲ್ವಾ? (ಎತ್ತರದ ಊರಿನಲ್ಲಿ ಮುಳ್ಳು ಅಷ್ಟು ಕೆಳಗೆ ಹೋಗುವುದೇ ಇಲ್ಲ. ಅದು ಪಂಪಿನ ತಪ್ಪಲ್ಲ.) ಒಳಗೆ ತೇವ ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಐಸ್ ಕಟ್ಟಿ ದಾರಿ ಮುಚ್ಚುತ್ತದೆ. ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಒಳಗಿಂದ ತಿನ್ನುತ್ತದೆ. ನಾನು ಪಂಪನ್ನು ಒಂದು ಗಂಟೆಗೂ ಜಾಸ್ತಿ ಓಡಿಸಿದೆ. ಆಮೇಲೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಮುಳ್ಳನ್ನು ನೋಡುತ್ತಾ ಕೂತೆ. ಮುಳ್ಳು ಸ್ವಲ್ಪ ಏರಿ ನಿಂತರೆ ಇನ್ನೂ ತೇವ ಇದೆ ಅಂತ, ಮತ್ತೆ ಪಂಪ್ ಓಡಿಸಬೇಕು. ಏರುತ್ತಲೇ ಹೋದರೆ ಸೋರಿಕೆ. ನನ್ನದು ಅಲುಗಲಿಲ್ಲ.

ಗ್ಯಾಸನ್ನು ತೂಕದ ಲೆಕ್ಕದಲ್ಲೇ ಹಾಕಬೇಕು. ಬಾನೆಟ್ ಕೆಳಗಿನ ಸ್ಟಿಕ್ಕರ್ 480 ಗ್ರಾಂ ಅಂತ ಹೇಳುತ್ತಿತ್ತು. ಕ್ಯಾನನ್ನು ತಕ್ಕಡಿ ಮೇಲಿಟ್ಟು, ಹೋಸಿನೊಳಗಿನ ಗಾಳಿ ತೆಗೆದು, ಮೊದಲು ವ್ಯಾಕ್ಯೂಮ್ ತಾನೇ ಎಳೆದುಕೊಳ್ಳುವಷ್ಟು ಬಿಟ್ಟೆ. ಆಮೇಲೆ ಇಂಜಿನ್ ಶುರು ಮಾಡಿ, ಎ.ಸಿ ಪೂರ್ತಿ ಹಾಕಿ, ಕ್ಯಾನನ್ನು ನೆಟ್ಟಗೆ ನಿಲ್ಲಿಸಿ, ಕಡಿಮೆ ಒತ್ತಡದ ಬದಿಯಿಂದ ಮಾತ್ರ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಇಂಜಿನ್ ಓಡುವಾಗ ಹೆಚ್ಚು ಒತ್ತಡದ ವಾಲ್ವ್ ತೆರೆದರೆ ಒತ್ತಡ ಕ್ಯಾನಿಗೆ ನುಗ್ಗಿ ಅದು ಸಿಡಿಯಬಹುದು. ಕನ್ನಡಕ, ಕೈಗವಸು ಬೇಕೇ ಬೇಕು. ಈ ದ್ರವ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ, ಚರ್ಮಕ್ಕೆ ತಾಗಿದರೆ ಹೆಪ್ಪುಗಟ್ಟಿಸುತ್ತದೆ. ಹತ್ತಿರ ಬೆಂಕಿಯೂ ಇರಬಾರದು, ಉರಿಗೆ ಸಿಕ್ಕರೆ ವಿಷದ ಹೊಗೆಯಾಗುತ್ತದೆ.

480 ಮುಟ್ಟಿದಾಗ ನಿಲ್ಲಿಸಿದೆ. ಇನ್ನೊಂದು 50 ಗ್ರಾಂ ಹಾಕಿದರೆ ಇನ್ನೂ ತಂಪು ಅಂತ ಅನ್ನಿಸಬಹುದು. ಆಗುವುದು ಉಲ್ಟಾ: ಕಂಡೆನ್ಸರ್ ದ್ರವದಿಂದ ತುಂಬಿ, ಒತ್ತಡ ಏರಿ, ತಂಪು ಇಳಿಯುತ್ತದೆ. ಗೇಜ್ ಕೆಳಗಿನ ಬದಿಗೆ 35, ಮೇಲಿನ ಬದಿಗೆ 210 ತೋರಿಸುತ್ತಿತ್ತು. ಗಾಳಿ ಬರುವ ಕಿಂಡಿಗೆ ಥರ್ಮಾಮೀಟರ್ ಇಟ್ಟೆ, 7 ಡಿಗ್ರಿ.

ತಾರೀಖು, ಹಾಕಿದ ಗ್ಯಾಸಿನ ತೂಕ, ಎಣ್ಣೆಯ ನಂಬರ್ ಬರೆದು ಸ್ಟಿಕ್ಕರ್ ಪಕ್ಕಕ್ಕೇ ಒಂದು ಚೀಟಿ ಅಂಟಿಸಿದ್ದೇನೆ. ಮುಂದೆ ಯಾರೇ ಬಿಚ್ಚಿದರೂ ಅದು ಬೇಕಾಗುತ್ತದೆ. ಜಾಲರಿಯ ಹಿಂದೆ ಸಣ್ಣ ಕಣ್ಣಿನ ತಂತಿ ಬಲೆಯೂ ಕಟ್ಟಿದ್ದೇನೆ. ಗಾಳಿಗೆ ಒಂಚೂರು ಅಡ್ಡಿ ಆಗುತ್ತದೆ, ಆದರೆ ಇನ್ನೊಂದು ಕಂಡೆನ್ಸರ್ ತರುವುದಕ್ಕಿಂತ ವಾಸಿ.