ಹಿಮ ಬಿದ್ದ ವಾರ ಅಮ್ಮನಿಗೆ ಲಂಡನ್ನಿನ ಸಂಗೀತ ನಾಟಕ ತೋರಿಸಿದ ನನ್ನ ಅನುಭವ

2018ರ ಫೆಬ್ರುವರಿ 26ರ ಸೋಮವಾರ ಬೆಳಿಗ್ಗೆ, ಕಚೇರಿಯ ಕೆಲಸ ಶುರುಮಾಡುವ ಮೊದಲೇ, ನಾನು ಲಂಡನ್ನಿನ ಅಪೊಲೊ ವಿಕ್ಟೋರಿಯಾ ನಾಟಕಮಂದಿರದ ಟಿಕೆಟ್ ಕೌಂಟರಿಗೆ ಫೋನ್ ಮಾಡಿದೆ. ತೀರ್ಥಹಳ್ಳಿಯಿಂದ ಬಂದು ಎರಡು ತಿಂಗಳಿಂದ ನಮ್ಮ ಜೊತೆಗಿದ್ದ ಅಮ್ಮನಿಗೆ ‘ವಿಕೆಡ್’ ಎಂಬ ಸಂಗೀತ ನಾಟಕವನ್ನು ತೋರಿಸಬೇಕೆಂದು ಮಾರ್ಚ್ 1ರ ಗುರುವಾರ ಸಂಜೆ ಏಳೂವರೆಯ ಪ್ರದರ್ಶನಕ್ಕೆ ಎರಡು ಟಿಕೆಟ್ ತೆಗೆದಿಟ್ಟಿದ್ದೆ. ಅವಳು ಊರಿಗೆ ಮರಳುವುದಕ್ಕೆ ಎರಡು ವಾರವೂ ಉಳಿದಿರಲಿಲ್ಲವಾದ್ದರಿಂದ ಆ ವಾರ ತಪ್ಪಿದರೆ ನಾಟಕವೂ ತಪ್ಪಿದಂತೆಯೇ ಆಗುತ್ತಿತ್ತು.

ಅದೇ ವಾರ ಬ್ರಿಟನ್ನಿನ ಮೇಲೆ ಮೂಡಣದ ಚಳಿಗಾಳಿ ಎರಗುವುದರಲ್ಲಿತ್ತು. ಫೆಬ್ರುವರಿ ಮಧ್ಯದಲ್ಲಿ ಉತ್ತರ ಧ್ರುವದ ಮೇಲೆ ವಾಯುಮಂಡಲದ ಎತ್ತರದ ಪದರ ಹಠಾತ್ತನೆ ಬಿಸಿಯಾಗಿ, ಅಲ್ಲಿ ಸುತ್ತುತ್ತಿರುವ ಶೀತಗಾಳಿಯ ಸುಳಿ ಒಡೆದುಹೋಗಿತ್ತು. ಸಾಮಾನ್ಯವಾಗಿ ಪಡುವಣದ ಸಮುದ್ರದ ಕಡೆಯಿಂದ ಬೀಸುವ ಗಾಳಿ ದಿಕ್ಕು ಬದಲಿಸಿದ್ದರಿಂದ ಸೈಬೀರಿಯಾದ ಚಳಿ ನೇರವಾಗಿ ಯುರೋಪಿನ ಮೇಲೆ ಹರಿದುಬಂತು. ಇಲ್ಲಿನ ಪತ್ರಿಕೆಗಳು ಇದನ್ನು ‘ಬೀಸ್ಟ್ ಫ್ರಮ್ ದಿ ಈಸ್ಟ್’, ಅಂದರೆ ಮೂಡಣದ ಮೃಗ, ಎಂದು ಕರೆದವು. ಗುರುವಾರದ ಹೊತ್ತಿಗೆ ದಕ್ಷಿಣದಿಂದ, ಪೋರ್ಚುಗಲ್ಲಿನ ಹವಾಮಾನ ಸಂಸ್ಥೆ ಎಮ್ಮಾ ಎಂದು ಹೆಸರಿಟ್ಟಿದ್ದ ಬಿರುಗಾಳಿ ಬಂದು ಈ ಚಳಿಯನ್ನು ಸೇರುವ ಲಕ್ಷಣವಿತ್ತು. ನಮ್ಮ ಟಿಕೆಟ್ ಇದ್ದದ್ದು ಅದೇ ಗುರುವಾರ ರಾತ್ರಿಗೆ.

ಹಿಮ ಬಿದ್ದಾಗ ಲಂಡನ್ನಿನ ನಾಟಕ ನಿಲ್ಲುವುದು ಅಪರೂಪ, ನಿಲ್ಲುವುದು ಮನೆಗೆ ಮರಳುವ ದಾರಿ. ಇದನ್ನು ನಾನು ಕಷ್ಟಪಟ್ಟೇ ಕಲಿತೆ. 2010ರ ಡಿಸೆಂಬರ್ 18ರ ಶನಿವಾರ, ಹೀಥ್ರೂ ವಿಮಾನ ನಿಲ್ದಾಣವೇ ಮುಚ್ಚಿಹೋದ ದಿನ, ನಾನೂ ನಮ್ಮ ಮನೆಯವರೂ ಬೇರೊಂದು ಸಂಗೀತ ನಾಟಕಕ್ಕೆ ಹೋಗಿದ್ದೆವು. ಹೋಗುವಾಗ ತಡವಾದರೂ ತಲುಪಿದೆವು, ನಾಟಕವೂ ನಡೆಯಿತು. ರಾತ್ರಿ ಹತ್ತೂಕಾಲಿಗೆ ಹೊರಬಂದು ನಿಲ್ದಾಣಕ್ಕೆ ಹೋದರೆ ಫಲಕದ ತುಂಬ ರದ್ದಾದ ರೈಲುಗಳೇ ಇದ್ದವು. ಅರ್ಧ ದಾರಿಯವರೆಗೆ ಬಂದ ಒಂದು ರೈಲು ನಮ್ಮನ್ನು ನಡುವಿನ ನಿಲ್ದಾಣವೊಂದರಲ್ಲಿ ಇಳಿಸಿತು, ಮತ್ತು ಬೆಳಗಿನ ಜಾವದ ತನಕ ನಾವು ಅಲ್ಲಿಯ ತಣ್ಣನೆಯ ಬೆಂಚಿನ ಮೇಲೆಯೇ ಕುಳಿತಿದ್ದೆವು. ನಮಗಾಗ ಮೂವತ್ತರ ವಯಸ್ಸು, ತಡೆದುಕೊಂಡೆವು. ಅರವತ್ತೆಂಟರ ಅಮ್ಮನನ್ನು ಹಾಗೆ ಕೂರಿಸುವ ಮಾತೇ ಇರಲಿಲ್ಲ. ಅಂದಿನಿಂದ ಚಳಿಗಾಲದಲ್ಲಿ ನಾಟಕಕ್ಕೆ ಹೊರಡುವುದಿದ್ದರೆ ನಾನು ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕುತ್ತೇನೆ: ಮೊದಲು ಮನೆ ಸೇರುವ ಹೊತ್ತು, ಆಮೇಲೆ ನಾಟಕ ಮುಗಿಯುವ ಹೊತ್ತು, ಕೊನೆಗೆ ಹೊರಡುವ ಹೊತ್ತು.

ಆ ಲೆಕ್ಕಕ್ಕೆ ಗುರುವಾರ ರಾತ್ರಿಯ ಪ್ರದರ್ಶನ ಹೊಂದಲಿಲ್ಲ, ಬುಧವಾರ ಮಧ್ಯಾಹ್ನ ಎರಡೂವರೆಯ ಮ್ಯಾಟಿನಿ ಹೊಂದಿತು. ಎರಡು ಮುಕ್ಕಾಲು ಗಂಟೆಯ ನಾಟಕ ಐದೂಕಾಲಿಗೆ ಮುಗಿಯುತ್ತದೆ. ಏನೇ ಹೆಚ್ಚುಕಡಿಮೆಯಾದರೂ ರಾತ್ರಿಯ ಕೊನೆಯ ರೈಲಿಗೆ ಇನ್ನೂ ಬಹಳ ಹೊತ್ತಿರುತ್ತದೆ. ಇಲ್ಲಿ ಒಂದು ವಿಷಯವನ್ನು ತಿಳಿದಿರಬೇಕು. ಪ್ರದರ್ಶನ ನಡೆದರೆ, ನೀವು ಹಿಮದಿಂದಾಗಿ ತಲುಪಲಾಗದಿದ್ದರೂ, ನಾಟಕಮಂದಿರ ಹಣ ಹಿಂದಿರುಗಿಸಬೇಕೆಂದಿಲ್ಲ. ಪ್ರದರ್ಶನವೇ ರದ್ದಾದರೆ ಮಾತ್ರ ಆ ಹಕ್ಕಿರುತ್ತದೆ. ದಿನ ಬದಲಿಸಿಕೊಡುವುದು ಅವರ ಔದಾರ್ಯಕ್ಕೆ ಬಿಟ್ಟದ್ದು. ಆದ್ದರಿಂದ ಹಿಮ ಬೀಳುವ ಮೊದಲೇ, ಎಲ್ಲರೂ ಒಟ್ಟಿಗೆ ಫೋನ್ ಮಾಡುವ ಮೊದಲೇ ಕೇಳಬೇಕು, ವಿನಯದಿಂದ ಕೇಳಬೇಕು, ಮತ್ತು ಇಂಥ ದಿನದ ಇಂಥ ಪ್ರದರ್ಶನವೆಂದು ಖಚಿತವಾಗಿ ಕೇಳಬೇಕು. ಫೋನಿನ ಆ ತುದಿಯಲ್ಲಿದ್ದ ಹೆಣ್ಣುಮಗಳು ಐದೇ ನಿಮಿಷದಲ್ಲಿ ಬುಧವಾರಕ್ಕೆ ಬದಲಾಯಿಸಿಕೊಟ್ಟಳು. ನಡುದಾರಿಯ ಪಕ್ಕದ ಎರಡು ಕುರ್ಚಿಗಳನ್ನು ಕೇಳಿ ಪಡೆದೆ, ಏಕೆಂದರೆ ಮುಗಿದೊಡನೆ ಏಳುವುದಕ್ಕೆ ಅದೇ ಅನುಕೂಲ.

ನಾವಿರುವುದು ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಲಿಯಲ್ಲಿ. ಅಲ್ಲಿನ ಥ್ರೀ ಬ್ರಿಜಸ್ ನಿಲ್ದಾಣದಿಂದ ವಿಕ್ಟೋರಿಯಾಗೆ ಎಂದಿನ ದಿನಗಳಲ್ಲಿ ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ. ಆದರೆ ನಮ್ಮ ದಿಕ್ಕಿನ ರೈಲುಗಳಿಗೆ ಹಿಮದಲ್ಲಿ ಒಂದು ವಿಶೇಷ ತೊಂದರೆಯಿದೆ. ನಮ್ಮ ದೇಶದ ವಿದ್ಯುತ್ ರೈಲುಗಳ ಹಾಗೆ ಇಲ್ಲಿ ತಂತಿ ತಲೆಯ ಮೇಲಿಲ್ಲ. ಹಳಿಗಳ ಪಕ್ಕದಲ್ಲಿ, ನೆಲದ ಮಟ್ಟದಲ್ಲೇ, 750 ವೋಲ್ಟ್ ಹರಿಯುವ ಮೂರನೆಯ ಹಳಿಯೊಂದಿದೆ. ರೈಲಿನ ಬದಿಗೆ ಜೋಡಿಸಿದ ಲೋಹದ ಪಟ್ಟಿ ಅದರ ನೆತ್ತಿಯ ಮೇಲೆ ಉಜ್ಜುತ್ತಾ ವಿದ್ಯುತ್ತನ್ನು ಪಡೆಯುತ್ತದೆ. ಆ ನೆತ್ತಿಯ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿದರೂ ಸಾಕು, ಸಂಪರ್ಕ ತಪ್ಪುತ್ತದೆ, ರೈಲು ಬಲ ಕಳೆದುಕೊಂಡು ನಿಲ್ಲುತ್ತದೆ. ಇದನ್ನು ತಡೆಯಲು ರಾತ್ರಿಯಿಡೀ ಮಂಜು ಕರಗಿಸುವ ದ್ರವ ಸಿಂಪಡಿಸುವ ಬಂಡಿಗಳನ್ನೂ, ಹಳಿ ಹೆಪ್ಪುಗಟ್ಟದಿರಲೆಂದು ಪ್ರಯಾಣಿಕರಿಲ್ಲದ ಖಾಲಿ ರೈಲುಗಳನ್ನೂ ಓಡಿಸುತ್ತಾರೆ. ಆ ಕೊರೆಯುವ ರಾತ್ರಿಗಳಲ್ಲಿ ಹಳಿಯ ಮೇಲೆ ದುಡಿಯುವವರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಮಂಗಳವಾರ ರಾತ್ರಿ ಹತ್ತು ಗಂಟೆಗೆ ಮಾರನೆಯ ದಿನದ ವೇಳಾಪಟ್ಟಿ ನೋಡಿದೆ. ಹತ್ತು ಗಂಟೆಗೆ ನೋಡುವುದಕ್ಕೂ ಕಾರಣವಿದೆ: ಆ ಹೊತ್ತಿಗೆ ಪ್ರಕಟವಾಗಿರುವ ಪರಿಷ್ಕೃತ ವೇಳಾಪಟ್ಟಿಯನ್ನೇ ಮರುದಿನದ ಅಧಿಕೃತ ವೇಳಾಪಟ್ಟಿಯೆಂದು ಪರಿಗಣಿಸುತ್ತಾರೆ, ತಡವಾದದ್ದಕ್ಕೆ ಪರಿಹಾರ ಕೇಳುವಾಗಲೂ ಅದನ್ನೇ ಹಿಡಿಯುತ್ತಾರೆ. ನಾನು ಅದರ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡೆ. ನಾಟಕದ ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿಕೊಂಡೆ, ಚಳಿಯಲ್ಲಿ ಫೋನಿನ ಬ್ಯಾಟರಿ ಎಣಿಸಿದ್ದಕ್ಕಿಂತ ಬೇಗ ಇಳಿಯುತ್ತದೆ. ಮರಳುವುದಕ್ಕೆ ಎರಡನೆಯ ದಾರಿಯನ್ನೂ ಗುರುತು ಮಾಡಿಟ್ಟೆ: ವಿಕ್ಟೋರಿಯಾದ ಕೋಚ್ ನಿಲ್ದಾಣಕ್ಕೆ ನಾಟಕಮಂದಿರದಿಂದ ನಡೆದೇ ಹೋಗಬಹುದು, ಅಲ್ಲಿಂದ ಗ್ಯಾಟ್ವಿಕ್ ವಿಮಾನ ನಿಲ್ದಾಣಕ್ಕೆ ಬಸ್ಸಿದೆ, ಗ್ಯಾಟ್ವಿಕ್ಕಿನಿಂದ ಕ್ರಾಲಿ ಕೂಗಳತೆಯ ದೂರ. ಮೂರನೆಯದಾಗಿ, ಎರಡೂ ಕೈಕೊಟ್ಟರೆ ಯಾರ ಮನೆಯ ಬಾಗಿಲು ತಟ್ಟಬಹುದೆಂದು ಕ್ರಾಯ್ಡನ್ನಿನಲ್ಲಿರುವ ಗೆಳತಿಯೊಬ್ಬಳನ್ನು ಮೊದಲೇ ಕೇಳಿಟ್ಟೆ.

ಅಮ್ಮನ ಉಡುಪಿನದೇ ಒಂದು ದೊಡ್ಡ ಕೆಲಸವಾಯಿತು. ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲವೆಂದಳು, ನಾನೂ ಒತ್ತಾಯಿಸಲಿಲ್ಲ. ಒಳಗೆ ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆಯ ಪ್ಯಾಂಟು, ಅದರ ಮೇಲೆ ಗಿಡ್ಡವಾಗಿ ಉಟ್ಟ ಹತ್ತಿಯ ಸೀರೆ. ನೆರಿಗೆ ಹಿಮ ಮುಟ್ಟಿ ಒದ್ದೆಯಾಗಬಾರದೆಂದು ಕಣಕಾಲಿನಿಂದ ನಾಲ್ಕು ಬೆರಳು ಮೇಲಕ್ಕೆ ಉಡಿಸಿದೆ. ಕಾಲಿಗೆ ಒಂದು ಅಳತೆ ದೊಡ್ಡದಾದ ಬೂಟು. ಇನ್ನು ಈ ದೇಶದಲ್ಲಿ ಹಳಬರೊಬ್ಬರು ಹೇಳಿಕೊಟ್ಟ ಉಪಾಯವೊಂದಿದೆ: ಹೆಪ್ಪುಗಟ್ಟಿದ ಕಾಲುದಾರಿಯಲ್ಲಿ ನಡೆಯುವಾಗ ಬೂಟಿನ ಹೊರಗಡೆಯಿಂದ ಹಳೆಯ ಒರಟು ಉಣ್ಣೆಯ ಕಾಲುಚೀಲ ಎಳೆದುಕೊಂಡರೆ ಕಾಲು ಅಷ್ಟಾಗಿ ಜಾರುವುದಿಲ್ಲ. ಅಂಥ ಎರಡು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೆ. ಅಮ್ಮ ಫ್ಲಾಸ್ಕಿನ ತುಂಬ ಜೀರಿಗೆ, ಕೊತ್ತಂಬರಿ, ಕಾಳುಮೆಣಸಿನ ಕಷಾಯ ತುಂಬಿದಳು, ಚಟ್ನಿಪುಡಿ ಸವರಿದ ನಾಲ್ಕು ಚಪಾತಿ ಸುತ್ತಿಟ್ಟಳು.

ಬುಧವಾರ ಬೆಳಗಾದಾಗ ಕಿಟಕಿಯ ಹೊರಗೆ ಎಲ್ಲವೂ ಬೆಳ್ಳಗಿತ್ತು. ಮುಕ್ಕಾಲು ಗಂಟೆಯ ದಾರಿಗೆ ನಾವು ಮೂರೂವರೆ ಗಂಟೆ ಮೊದಲು, ಹನ್ನೊಂದಕ್ಕೆ ಹೊರಟೆವು. ನಾಟಕ ಶುರುವಾದ ಮೇಲೆ ಬಂದವರನ್ನು ಸೂಕ್ತವಾದ ಬಿಡುವು ಸಿಗುವವರೆಗೆ ಹೊರಗೇ ನಿಲ್ಲಿಸುತ್ತಾರೆ, ಆರಂಭದ ದೃಶ್ಯ ತಪ್ಪಿದರೆ ಅಮ್ಮನಿಗೆ ಕಥೆ ಹಿಡಿಯುವುದು ಕಷ್ಟವಾಗುತ್ತಿತ್ತು. ಎರಡು ರೈಲು ರದ್ದಾಗಿ ಮೂರನೆಯದು ಸಿಕ್ಕಿತು, ನಿಧಾನವಾಗಿ ಸಾಗಿ ಒಂದು ಗಂಟೆಗೆ ವಿಕ್ಟೋರಿಯಾ ತಲುಪಿತು.

ನಾಟಕಮಂದಿರ ನಿಲ್ದಾಣದ ಎದುರಿಗೇ, ವಿಲ್ಟನ್ ರಸ್ತೆಯಲ್ಲಿದೆ. ಹಿಮದ ದಿನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. 1930ರಲ್ಲಿ ಸಿನಿಮಾ ಮಂದಿರವಾಗಿ ತೆರೆದ ಈ ಕಟ್ಟಡದ ಒಳಗನ್ನು ಸಮುದ್ರದಡಿಯ ಅರಮನೆಯಂತೆ, ಕಾರಂಜಿಗಳನ್ನು ನೆನಪಿಸುವ ದೀಪಗಳಿಂದ ಅಲಂಕರಿಸಿದ್ದಾರೆ. ‘ವಿಕೆಡ್’ ಇಲ್ಲಿ 2006ರ ಸೆಪ್ಟೆಂಬರಿನಿಂದ ನಡೆಯುತ್ತಾ ಬಂದಿದೆ. ಸುಮಾರು 2,300 ಕುರ್ಚಿಗಳ ಆ ಮಂದಿರದಲ್ಲಿ ಅಂದು ಖಾಲಿ ಸಾಲುಗಳು ಎದ್ದು ಕಾಣುತ್ತಿದ್ದವು. ಬಂದವರೆಲ್ಲ ಒಂದಲ್ಲ ಒಂದು ಸಾಹಸ ಮಾಡಿ ಬಂದವರೇ ಆಗಿದ್ದರಿಂದ ಪಕ್ಕದವರೊಡನೆ ದಾರಿಯ ಕಥೆ ಹೇಳಿಕೊಳ್ಳುತ್ತಿದ್ದರು. ಕೋಟುಗಳನ್ನು ನಾವು ಒಪ್ಪಿಸದೆ ಮಡಿಲಲ್ಲೇ ಇಟ್ಟುಕೊಂಡೆವು, ಮರಳಿ ಪಡೆಯುವ ಸಾಲಿನಲ್ಲಿ ಕಾಲು ಗಂಟೆ ಹೋಗಿಬಿಡುತ್ತದೆ.

ಇಂಥ ನಾಟಕಗಳು ಹಿಮದಲ್ಲೂ ನಡೆಯುವುದು ಹೇಗೆಂದು ಅಮ್ಮ ಕೇಳಿದ್ದಳು. ದೊಡ್ಡ ಸಂಗೀತ ನಾಟಕಗಳಲ್ಲಿ ಮುಖ್ಯ ಪಾತ್ರಗಳಿಗೆ ಬದಲಿ ನಟರು ಮೊದಲೇ ತಯಾರಿರುತ್ತಾರೆ. ಅವರಲ್ಲದೆ ‘ಸ್ವಿಂಗ್’ ಎಂದು ಕರೆಸಿಕೊಳ್ಳುವ ಕಲಾವಿದರು ಮೇಳದ ಅನೇಕ ಪಾತ್ರಗಳ ಹಾಡು, ಹೆಜ್ಜೆ, ನಿಲ್ಲುವ ಜಾಗವನ್ನೆಲ್ಲ ಕಲಿತಿದ್ದು, ಯಾರು ಬರದಿದ್ದರೆ ಅವರ ಜಾಗಕ್ಕೆ ಇಳಿಯುತ್ತಾರೆ. ಅಮ್ಮನಿಗೆ ಇದು ಕೂಡಲೇ ಅರ್ಥವಾಯಿತು. ಯಕ್ಷಗಾನ ಮೇಳದಲ್ಲಿ ವೇಷಧಾರಿ ಬರದಿದ್ದರೆ ಅದೇ ಪ್ರಸಂಗ ಬಲ್ಲ ಇನ್ನೊಬ್ಬರು ಗೆಜ್ಜೆ ಕಟ್ಟುವುದನ್ನು ಅವಳು ಕಂಡವಳು.

ವೇದಿಕೆಯ ನೆತ್ತಿಯಲ್ಲಿ ಕುಳಿತ ಯಂತ್ರದ ಡ್ರ್ಯಾಗನ್ ಕೆಂಪು ಕಣ್ಣು ಬಿಟ್ಟು ತಲೆಯಾಡಿಸಿದಾಗ ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ಮೊದಲ ಅಂಕದ ಕೊನೆಯಲ್ಲಿ, ಜನ ದುಷ್ಟ ಮಾಟಗಾತಿಯೆಂದು ದೂರುವ ಹಸಿರು ಮೈಬಣ್ಣದ ಹುಡುಗಿ, ಎಲ್ಲರಿಂದ ದೂರವಾಗಿ, ಹಾಡುತ್ತಾ ಕತ್ತಲಲ್ಲಿ ಮೇಲಕ್ಕೇರಿದಳು. ಆ ಕಪ್ಪು ಉಡುಪು ವೇದಿಕೆಯನ್ನೆಲ್ಲ ಆವರಿಸಿದಂತೆ ಕಂಡಿತು. ಅಮ್ಮನ ಹಿಡಿತ ಸಡಿಲವಾಗಲೇ ಇಲ್ಲ. ಇಂಗ್ಲಿಷಿನ ಮಾತುಗಳು ಪೂರ್ತಿ ತಿಳಿಯದಿದ್ದರೂ ವಿರಾಮದಲ್ಲಿ ಅವಳು ಹೇಳಿದ್ದು ಇಷ್ಟು: “ಪಾಪ, ಆ ಹುಡುಗಿಯ ತಪ್ಪೇನೂ ಇಲ್ಲ ಕಣೇ ಪುಟ್ಟಿ.”

ಐದೂಕಾಲಿಗೆ ನಾಟಕ ಮುಗಿಯಿತು. ಕಲಾವಿದರು ಬಂದು ನಮಸ್ಕರಿಸುವ ಮೊದಲೇ ಏಳುವುದು ನನ್ನ ಯೋಜನೆಯಾಗಿತ್ತು, ಅಮ್ಮ ಒಪ್ಪಲಿಲ್ಲ. ಇಷ್ಟು ಚಳಿಯಲ್ಲಿ ಬಂದು ಕುಣಿದವರಿಗೆ ಬೆನ್ನು ತೋರಿಸುವುದು ಸರಿಯಲ್ಲವೆಂದಳು. ನಿಂತು ಚಪ್ಪಾಳೆ ತಟ್ಟಿದೆವು. ಅವಳ ಮಾತು ಕೇಳಿದ್ದೇ ಒಳ್ಳೆಯದಾಯಿತೆಂದು ಈಗಲೂ ಅನ್ನಿಸುತ್ತದೆ.

ನಿಲ್ದಾಣದಲ್ಲಿ ಥ್ರೀ ಬ್ರಿಜಸ್‌ಗೆ ನೇರ ರೈಲು ಒಂದೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ನೇರ ರೈಲಿಗೆ ಕಾಯಬಾರದು, ನಮ್ಮ ದಿಕ್ಕಿಗೆ ಹೋಗುವ ಯಾವುದನ್ನಾದರೂ ಹತ್ತಿ ದೊಡ್ಡ ಜಂಕ್ಷನ್ ಸೇರಬೇಕು. ಈಸ್ಟ್ ಕ್ರಾಯ್ಡನ್ನಿನಲ್ಲಿ ವಿಕ್ಟೋರಿಯಾ ಕಡೆಯ ರೈಲುಗಳ ಜೊತೆಗೆ ಲಂಡನ್ ಬ್ರಿಜ್ ಕಡೆಯಿಂದ ಬರುವ ರೈಲುಗಳೂ ಕೂಡುತ್ತವೆ. ಅಲ್ಲಿಯವರೆಗೆ ನಿಂತೇ ಹೋದೆವು. ಅಲ್ಲಿ ಅರ್ಧ ಗಂಟೆ ಕಾದ ಮೇಲೆ ಬ್ರೈಟನ್ನಿಗೆ ಹೋಗುವ ರೈಲು ಬಂತು, ಒಬ್ಬ ಯುವಕ ಎದ್ದು ಅಮ್ಮನಿಗೆ ಜಾಗ ಕೊಟ್ಟ.

ಪರ್ಲಿ ದಾಟಿದ ಮೇಲೆ ರೈಲು ನಿಂತಿತು. ದೀಪಗಳು ಒಮ್ಮೆ ಆರಿ ಮತ್ತೆ ಹೊತ್ತಿದವು. ಪಕ್ಕದ ಹಳಿಯಲ್ಲಿ ಎದುರಿನಿಂದ ಬಂದ ರೈಲಿನ ಕೆಳಗೆ ನೀಲಿ ಬೆಳಕು ಚಟಚಟನೆ ಸಿಡಿದು, ಹಿಮದ ದಿಬ್ಬವೆಲ್ಲ ಒಂದು ಕ್ಷಣ ಹಗಲಾದಂತೆ ಬೆಳಗಿತು. ಮೂರನೆಯ ಹಳಿಯ ಮಂಜುಗಡ್ಡೆಯನ್ನು ವಿದ್ಯುತ್ತು ದಾಟುವಾಗ ಹೀಗಾಗುತ್ತದೆಂದು ಅಮ್ಮನಿಗೆ ವಿವರಿಸಿದೆ. ನಲವತ್ತು ನಿಮಿಷ ಹಾಗೇ ಕುಳಿತೆವು. ಫ್ಲಾಸ್ಕಿನ ಮುಚ್ಚಳದಲ್ಲಿ ಕಷಾಯ ಸುರಿದು ಅಮ್ಮ ಮೊದಲು ಆ ಯುವಕನಿಗೆ ಕೊಟ್ಟಳು. ಆಮೇಲೆ ತನ್ನ ಬಾಲ್ಯದ ಮಾತು ತೆಗೆದಳು. “ನಮ್ಮ ಕಡೆ ಯಕ್ಷಗಾನದ ಆಟ ಬೆಳಗಿನವರೆಗೆ ಯಾಕೆ ನಡೆಯುತ್ತಿತ್ತು ಗೊತ್ತೇನು? ಕತ್ತಲಲ್ಲಿ ಕಾಡುದಾರಿ ನಡೆಯಲಿಕ್ಕೆ ಯಾರಿಗೂ ಆಗುತ್ತಿರಲಿಲ್ಲ. ಮಂಗಳ ಹಾಡುವ ಹೊತ್ತಿಗೆ ಬೆಳಕು ಹರಿದಿರುತ್ತಿತ್ತು, ನೆಟ್ಟಗೆ ಮನೆಗೆ ಬರುತ್ತಿದ್ದೆವು.” ಅದೊಂದೇ ಕಾರಣವಿರಲಾರದು, ಆದರೂ ಅಜ್ಜನ ಬೆನ್ನ ಹಿಂದೆ ಸಾಲಾಗಿ ನಡೆದ ಮಕ್ಕಳು ನನ್ನ ಕಣ್ಣಿಗೆ ಕಟ್ಟಿದರು.

ರೈಲಿನೊಳಗೆ ಕೆಲವರು ಬಾಗಿಲು ತೆರೆದು ಇಳಿದು ನಡೆಯೋಣವೆಂದು ಮಾತಾಡಿಕೊಳ್ಳುತ್ತಿದ್ದರು. ಎಂದಿಗೂ ಇದನ್ನು ಮಾಡಬಾರದು. ಆ ಹಳಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ, ಹಿಮ ಮುಚ್ಚಿದಾಗ ಅದು ಕಾಣುವುದೂ ಇಲ್ಲ. ಒಬ್ಬರು ಇಳಿದರೂ ವಿದ್ಯುತ್ತು ಕಡಿತ ಮಾಡಬೇಕಾಗಿ ಹಿಂದಿನ ರೈಲುಗಳೆಲ್ಲ ನಿಲ್ಲುತ್ತವೆ. ಎರಡೇ ದಿನದ ನಂತರ, ಮಾರ್ಚ್ 2ರ ಸಂಜೆ, ಲೂವಿಷಮ್ ಹತ್ತಿರ ನಿಂತ ರೈಲುಗಳಿಂದ ಜನ ಹೀಗೆಯೇ ಹಳಿಗೆ ಇಳಿದರು. ಅದರ ಬಗ್ಗೆ ರೈಲು ಅಪಘಾತಗಳ ತನಿಖಾ ಸಂಸ್ಥೆ ವಿಚಾರಣೆಯನ್ನೇ ನಡೆಸಿತು.

ಎಂಟು ಗಂಟೆಯ ಹೊತ್ತಿಗೆ ಥ್ರೀ ಬ್ರಿಜಸ್ ಸೇರಿದೆವು. ಮುಖ್ಯ ರಸ್ತೆಗೆ ಕಲ್ಲುಪ್ಪು ಎರಚಿದ್ದರು, ಕಾಲುದಾರಿಗೆ ಎರಚಿರಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಅಮ್ಮನನ್ನು ಕೂರಿಸಿ ಬೂಟಿನ ಮೇಲೆ ಕಾಲುಚೀಲ ತೊಡಿಸಿದೆ. ಹನ್ನೆರಡು ನಿಮಿಷದ ದಾರಿಯನ್ನು ಅರ್ಧ ಗಂಟೆ ನಡೆದೆವು, ಒಮ್ಮೆಯೂ ಜಾರಲಿಲ್ಲ. ಮನೆಯವರು ಬಾಗಿಲಲ್ಲೇ ಕಾಯುತ್ತಿದ್ದರು.

ಗುರುವಾರ ಸಂಜೆ ಆದಷ್ಟು ಬೇಗ ಮನೆ ಸೇರಿಕೊಳ್ಳಿರೆಂದು ದಕ್ಷಿಣದ ರೈಲು ಕಂಪನಿಗಳು ಪ್ರಯಾಣಿಕರನ್ನು ಕೇಳಿಕೊಂಡವು. ಮಂಗಳವಾರ ರಾತ್ರಿ ಉಳಿಸಿಕೊಂಡ ವೇಳಾಪಟ್ಟಿಯ ಚಿತ್ರ ಮತ್ತು ಟಿಕೆಟ್ಟಿನ ಚಿತ್ರ ಸೇರಿಸಿ ನಾನು ಪರಿಹಾರದ ಅರ್ಜಿ ಹಾಕಿದೆ. ಪ್ರಯಾಣದ ದಿನದಿಂದ 28 ದಿನಗಳೊಳಗೆ ಹಾಕಬೇಕು, ನಮ್ಮ ಮಾರ್ಗದಲ್ಲಿ ಹದಿನೈದು ನಿಮಿಷ ತಡವಾದರೂ ಅರ್ಜಿಗೆ ಅರ್ಹತೆಯಿದೆ. ಹಣ ಬಂತು. ಆ ಗುರುವಾರ ಸಂಜೆ ಏಳೂವರೆಗೆ, ಮೊದಲಿನ ಟಿಕೆಟ್ಟಿನ ಪ್ರಕಾರ ನಾವು ಕುರ್ಚಿಯಲ್ಲಿ ಕೂರಬೇಕಾಗಿದ್ದ ಹೊತ್ತಿನಲ್ಲಿ, ಕಿಟಕಿಯಾಚೆ ಹಿಮ ಅಡ್ಡಡ್ಡವಾಗಿ ಬೀಸುತ್ತಿತ್ತು. ಊರಿನಲ್ಲಿ ನಡುರಾತ್ರಿ ದಾಟಿದ್ದರೂ ನಿದ್ದೆ ಬಾರದೆ ಫೋನ್ ಮಾಡಿದ್ದ ಚಿಕ್ಕಮ್ಮನಿಗೆ ಅಮ್ಮ ಹಸಿರು ಹುಡುಗಿ ಗಾಳಿಯಲ್ಲಿ ಏರಿದ್ದನ್ನು ಕೈಯೆತ್ತಿ ತೋರಿಸುತ್ತಾ ವರ್ಣಿಸುತ್ತಿದ್ದಳು. “ಅಷ್ಟು ಹಿಮದಲ್ಲಿ ಮನೆಗೆ ಹೇಗೆ ಬಂದಿರಿ ಅಕ್ಕಾ?” ಎಂದು ಚಿಕ್ಕಮ್ಮ ಕೇಳಿದ್ದು ನನಗೂ ಕೇಳಿಸಿತು. ಅಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ನೀಲಿ ಬೆಳಕಿನಿಂದ ಶುರುಮಾಡಿದಳು.