ಬಿಳಿ ಮೈ, ಕೆಂಪು ಝರೋಖಾ: ಪ್ರಯಾಣಿಕ ವಿಮಾನದ ಮಾದರಿಯನ್ನು ಕಟ್ಟುವ ಬಗೆ

ಯುದ್ಧವಿಮಾನದ ಮಾದರಿಯಲ್ಲಿ ಹಸಿರು-ಕಂದು ಪಟ್ಟೆಗಳು ಸಣ್ಣಪುಟ್ಟ ಕುಂದುಗಳನ್ನು ನುಂಗಿಕೊಳ್ಳುತ್ತವೆ; ಪ್ರಯಾಣಿಕ ವಿಮಾನದ ಹೊಳೆಯುವ ಬಿಳಿ ಮೈ ಕೂದಲೆಳೆಯಷ್ಟು ಗೀರನ್ನೂ ಮುಚ್ಚಿಡುವುದಿಲ್ಲ. ಆದ್ದರಿಂದ ಇಲ್ಲಿ ಭಾಗಗಳನ್ನು ಅಂಟಿಸುವ ಕೆಲಸಕ್ಕಿಂತ ಮೈಯನ್ನು ನುಣುಪುಗೊಳಿಸುವ ಕೆಲಸಕ್ಕೆ ಮೂರು ಪಟ್ಟು ಹೊತ್ತು ಬೇಕಾಗುತ್ತದೆ. ಈ ಲೆಕ್ಕವನ್ನು ಮೊದಲೇ ಒಪ್ಪಿಕೊಂಡು ಕೆಲಸಕ್ಕೆ ಕೂರುವುದು ಒಳ್ಳೆಯದು.

ಪ್ರಯಾಣಿಕ ವಿಮಾನಗಳ ಕಿಟ್‌ಗಳು ಹೆಚ್ಚಾಗಿ 1/144 ಅಳತೆಯಲ್ಲಿ ಬರುತ್ತವೆ. ಈ ಅಳತೆಯಲ್ಲಿ ಬೋಯಿಂಗ್ 747-200 ಸುಮಾರು 49 ಸೆಂ.ಮೀ. ಉದ್ದವಿರುತ್ತದೆ, ಏರ್‌ಬಸ್ ಎ320 ಸುಮಾರು 26 ಸೆಂ.ಮೀ. ಮಾತ್ರ. ಮುಂಬೈಯ ಫ್ಲ್ಯಾಟುಗಳಲ್ಲಿ ಎ320ಕ್ಕೆ ಸುಲಭವಾಗಿ ಜಾಗ ಸಿಗುತ್ತದೆ ನಿಜ, ಆದರೆ 1971ರಲ್ಲಿ ಏರ್ ಇಂಡಿಯಾಕ್ಕೆ ಬಂದ, ಪ್ರತಿ ಕಿಟಕಿಗೂ ರಾಜಸ್ಥಾನಿ ಅರಮನೆಯ ಕಿಟಕಿಯ ಕಮಾನಿನಂಥ ಕೆಂಪು ಝರೋಖಾ ಬರೆಸಿಕೊಂಡ 747 ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಯಾವ ವಿಮಾನವನ್ನು ಆರಿಸಿದರೂ ಅದೇ ನೋಂದಣಿ ಸಂಖ್ಯೆಯ, ಅದೇ ಕಾಲದ ಫೋಟೊಗಳನ್ನು ಎದುರಿಗಿಟ್ಟುಕೊಳ್ಳಬೇಕು. ಎ320ರಲ್ಲಿ ಸಿಎಫ್‌ಎಂ56 ಎಂಜಿನ್ ಇರುವ ಹಳೆಯ ವಿಮಾನಕ್ಕೂ ಅದಕ್ಕಿಂತ ದಪ್ಪನೆಯ ಎಂಜಿನ್ ತೂಗುಹಾಕಿಕೊಂಡ ಹೊಸ ಮಾದರಿಯಾದ ನಿಯೋಗೂ ವ್ಯತ್ಯಾಸವಿದೆ. ಡೆಕಾಲ್ (ನೀರಿನಲ್ಲಿ ನೆನೆಸಿ ಮೈಗೆ ಅಂಟಿಸುವ ತೆಳು ಚಿತ್ರ) ಒಂದರದ್ದು, ಎಂಜಿನ್ ಇನ್ನೊಂದರದ್ದು ಆದರೆ ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಭಾಗಗಳನ್ನು ಚೌಕಟ್ಟಿನಿಂದ ಬಿಡಿಸುವ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಒಡಲಿನ ಎರಡು ಹೋಳುಗಳನ್ನು ಮುಚ್ಚುವ ಮುನ್ನ ಮೂಗಿನೊಳಗೆ ಸೀಸದ ತುಂಡುಗಳನ್ನು ಅಂಟಿಸಲು ಮರೆಯಬಾರದು, ಏಕೆಂದರೆ ಮುಖ್ಯ ಚಕ್ರಗಳ ಮುಂದೆ ಸಾಕಷ್ಟು ಭಾರವಿಲ್ಲದಿದ್ದರೆ ಮುಗಿದ ಮಾದರಿ ಬಾಲದ ಮೇಲೆ ಕುಳಿತುಬಿಡುತ್ತದೆ. ಕಿಟಕಿಗಳ ವಿಷಯವನ್ನೂ ಇಲ್ಲಿಯೇ ತೀರ್ಮಾನಿಸಬೇಕು. ತೂತುಗಳನ್ನು ಮುಚ್ಚಿ ಮೇಲೆ ಡೆಕಾಲ್ ಕಿಟಕಿ ಹಚ್ಚುವುದೇ ಹೆಚ್ಚು ಅಚ್ಚುಕಟ್ಟು ಎಂಬುದು ನನ್ನ ಅನುಭವ. ತೂತುಗಳಿಗೆ ಸೂಪರ್ ಗ್ಲೂ ತುಂಬಿದರೆ ಅದೇ ದಿನ ಉಜ್ಜಿ ಸಮ ಮಾಡಿ. ಬಿಟ್ಟರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಸುತ್ತಲಿನ ಮೈ ತಗ್ಗಾಗಿ ಅದೊಂದೇ ಉಬ್ಬಿ ನಿಲ್ಲುತ್ತದೆ.

ಬೆನ್ನಿನ ಮತ್ತು ಹೊಟ್ಟೆಯ ಜೋಡಣೆಯ ಗೆರೆಗೆ ಪುಟ್ಟಿ ಹಚ್ಚಿ, ಒಣಗಿದ ಮೇಲೆ 400, 600, 1000 ನಂಬರಿನ ನೀರುಕಾಗದಗಳಿಂದ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಕ್ರಮವಾಗಿ ಉಜ್ಜಿ. ಬಳಿಕ ಕಣ್ಣು ಮುಚ್ಚಿ ಉಗುರನ್ನು ಗೆರೆಗೆ ಅಡ್ಡವಾಗಿ ಎಳೆಯಿರಿ. ಉಗುರು ಎಲ್ಲಿ ತಡೆಯುತ್ತದೆಯೋ ಅಲ್ಲಿ ಇನ್ನೂ ಕೆಲಸವಿದೆ. ಬಣ್ಣಕ್ಕೆ ಮೊದಲಿನ ಪದರವಾದ ಬೂದು ಪ್ರೈಮರ್ ಹೊಡೆದಾಗ ಉಳಿದ ದೋಷಗಳೆಲ್ಲ ಎದ್ದು ಕಾಣುತ್ತವೆ, ಮತ್ತೆ ಉಜ್ಜಬೇಕಾಗುತ್ತದೆ. ಬೇಸರಪಡಬೇಡಿ.

ಇನ್ನು ಬಿಳಿ. ಎನಾಮೆಲ್ ಬಿಳಿ ವರ್ಷಗಳು ಕಳೆದಂತೆ ಹಳದಿಗೆ ತಿರುಗುವುದರಿಂದ ನಾನು ತಮಿಯಾದ ಟಿಎಸ್-26 ಲ್ಯಾಕರ್ ಸ್ಪ್ರೇ ಬಳಸುತ್ತೇನೆ. ಮೊದಲ ಎರಡು ಪದರಗಳು ಮಂಜಿನಂತೆ ತೆಳುವಾಗಿರಲಿ, ಕೊನೆಯದು ಮಾತ್ರ ತುಸು ಒದ್ದೆಯಾಗಿರಲಿ. ಮುಂಬೈಯಲ್ಲಿ ಇದಕ್ಕೆ ನವೆಂಬರಿನಿಂದ ಫೆಬ್ರವರಿವರೆಗಿನ ತಿಂಗಳುಗಳು ಉತ್ತಮ. ಒಂದು ಜುಲೈನಲ್ಲಿ, ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ, ಮಳೆ ನಿಂತ ಅರ್ಧ ಗಂಟೆಯಲ್ಲಿ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಹೊಡೆದೆ. ನೋಡನೋಡುತ್ತಿದ್ದಂತೆ ಬಾಲದ ಕೆಂಪಿನ ಮೇಲೆ ಹಾಲಿನ ಕೆನೆಯಂಥ ಪೊರೆ ಹರಡಿಕೊಂಡಿತು. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಹನಿಗಟ್ಟುವುದೇ ಇದಕ್ಕೆ ಕಾರಣ. ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಬೆರೆಸಿದ ತಿನ್ನರನ್ನು ಏರ್‌ಬ್ರಶ್ಶಿನಿಂದ ಹಗುರವಾಗಿ ಹೊಡೆದರೆ ಪೊರೆ ಬಹುಮಟ್ಟಿಗೆ ಕರಗುತ್ತದೆ. ಆದರೂ ಮನೆಯಲ್ಲಿ ಹಪ್ಪಳ ಒಣಹಾಕುವಂಥ ದಿನವಲ್ಲದಿದ್ದರೆ ಸ್ಪ್ರೇ ಡಬ್ಬಿಯನ್ನು ಮುಟ್ಟದಿರುವುದೇ ಲೇಸು.

ಏರ್‌ಬಸ್ ರೆಕ್ಕೆಗೆ ಒಂದೇ ಬೂದು ಸಾಕು. ಬೋಯಿಂಗ್ ರೆಕ್ಕೆಯ ಮೇಲ್ಭಾಗದ ನಡುವೆ ಕೊರೊಗಾರ್ಡ್ ಎಂಬ ಗಾಢ, ತುಸು ಲೋಹದ ಛಾಯೆಯ ಬೂದು ಪಟ್ಟಿಯಿದೆ. ಅದರ ಸುತ್ತಲಿನ ಭಾಗ ತಿಳಿ ಬೂದು, ರೆಕ್ಕೆಯ ತೀರ ಮುಂದಿನ ಅಂಚು ಮತ್ತು ಎಂಜಿನ್ನಿನ ಬಾಯಂಚು ಅಲ್ಯೂಮಿನಿಯಂ.

ಡೆಕಾಲ್ ಹಚ್ಚುವ ಮೈ ಗಾಜಿನಂತೆ ಹೊಳೆಯಬೇಕು, ಇಲ್ಲವಾದರೆ ಫಿಲ್ಮಿನಡಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ. ಝರೋಖಾಗಳ ಸಾಲನ್ನು ಒಂದೇ ಉದ್ದಕ್ಕೆ ಹಚ್ಚಲು ಹೋಗಬೇಡಿ. ಬಾಗಿಲಿನಿಂದ ಬಾಗಿಲಿಗೆ ಕತ್ತರಿಸಿಕೊಳ್ಳಿ. ನಿಜವಾದ ವಿಮಾನದಲ್ಲಿ ಕಿಟಕಿಯಿಂದ ಕಿಟಕಿಗೆ 20 ಇಂಚು ಅಂತರ, ಅಂದರೆ ನಮ್ಮ ಅಳತೆಯಲ್ಲಿ ಸುಮಾರು 3.5 ಮಿ.ಮೀ.; ತುಂಡುಗಳು ಸೇರುವಲ್ಲಿ ಈ ಅಂತರವನ್ನು ಸ್ಕೇಲಿನಿಂದ ಪರೀಕ್ಷಿಸಿ. ತೆಳು ಟೇಪಿನ ಒಂದು ಗೆರೆಯನ್ನು ಒಡಲಿನುದ್ದಕ್ಕೂ ಅಂಟಿಸಿಕೊಂಡು ಅದನ್ನೇ ಆಧಾರವಾಗಿ ಹಿಡಿದರೆ ಸಾಲು ಬಾಲದ ಕಡೆಗೆ ಜಾರುವುದಿಲ್ಲ. ಡೆಕಾಲಿನ ಕೆಳಗೆ ಅದನ್ನು ಅಂಟಿಸುವ ಮೈಕ್ರೋ ಸೆಟ್ ದ್ರವ, ಮೇಲೆ ಅದನ್ನು ಮೆತ್ತಗಾಗಿಸುವ ಮೈಕ್ರೋ ಸಾಲ್ ದ್ರವ ಹಚ್ಚಿ. ಡೆಕಾಲ್ ಸುಕ್ಕುಗಟ್ಟಿದಾಗ ಗಾಬರಿಯಿಂದ ಬೆರಳು ತಾಗಿಸಬೇಡಿ, ಒಣಗುತ್ತಾ ಅದು ತಾನೇ ಮೈಗೆ ಕಚ್ಚಿಕೊಳ್ಳುತ್ತದೆ.

ಕೊಳೆ ಎಷ್ಟಿರಬೇಕೆಂಬುದನ್ನು ಮುಂಬೈ ವಿಮಾನ ನಿಲ್ದಾಣದ ಪಕ್ಕದ, ಕುರ್ಲಾದ ಜರಿಮರಿಯಲ್ಲಿ ಒಂದು ಸಂಜೆ ನಿಂತು ಕಲಿಯಬಹುದು. ಇಳಿಯುವ ವಿಮಾನಗಳು ತಲೆಯ ಮೇಲೆಯೇ ಹಾದುಹೋಗುವಾಗ ಬಿಳಿ ಬದಿಗಳು ಸ್ವಚ್ಛವಾಗಿಯೂ, ಚಕ್ರದ ಗೂಡಿನ ಹಿಂದಿನ ಹೊಟ್ಟೆ ಎಣ್ಣೆಯ ಕಂದು ಗೆರೆಗಳಿಂದ ಮಾಸಿಯೂ ಕಾಣುತ್ತವೆ. ಮಾದರಿಯಲ್ಲೂ ಅಷ್ಟೇ: ಹೊಟ್ಟೆಗೆ ಪ್ಯಾಸ್ಟೆಲ್ ಪುಡಿಯನ್ನು ಮೂಗಿನಿಂದ ಬಾಲದ ದಿಕ್ಕಿಗೆ ಒಣ ಕುಂಚದಿಂದ ಎಳೆಯಿರಿ, ಬದಿಗಳನ್ನು ಮುಟ್ಟಬೇಡಿ. ಟಯರುಗಳಿಗೆ ಅಚ್ಚ ಕಪ್ಪಿನ ಬದಲು ಗಾಢ ಬೂದು ಬಳಿದು, ನೆಲ ಮುಟ್ಟುವ ಭಾಗವನ್ನು ತುಸು ಉಜ್ಜಿ ಚಪ್ಪಟೆ ಮಾಡಿ. ಬೆನ್ನಿನ ಮೇಲಿನ ಆಂಟೆನಾಗಳನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಎಲ್ಲಕ್ಕಿಂತ ಕೊನೆಗೆ ನಿಲ್ಲಿಸಿ. ಮೊದಲೇ ನಿಲ್ಲಿಸಿದವು ಧೂಳು ಒರೆಸುವ ಬಟ್ಟೆಗೆ ಸಿಕ್ಕಿ ಮುರಿಯುತ್ತವೆ.