ಬಿಲ್ಲಿನ ಮೇಲಿದ್ದ ಫೋನ್ ನಂಬರು

ಬಿಲ್ ಬುಕ್ಕು ನನ್ನ ಬಾಮೈದನ ಹೆಸರಿನದು. ಅಂಗಡಿಯ ಹೆಸರೂ ಬೇರೆ, ವಿಳಾಸ ತಿಪಟೂರಿನದು. ಆದರೆ ಬಲಮೂಲೆಯಲ್ಲಿ ಅಚ್ಚಾಗಿದ್ದ ಮೊಬೈಲ್ ನಂಬರು ಮಾತ್ರ ನನ್ನದೇ. ಅಚ್ಚು ಹಾಕಿಸುವಾಗ ಪ್ರೆಸ್ಸಿನವನು ನಂಬರು ಕೇಳಿದ್ದ. ಬಾಮೈದ ತಿಂಗಳಿಗೊಂದು ಸಿಮ್ ಬದಲಾಯಿಸುವ ಆಸಾಮಿ, ಹಾಗಾಗಿ ನನ್ನದನ್ನೇ ಬರೆಸಿದ್ದೆ. ನಾನು ಗ್ರಾಮ ಪಂಚಾಯ್ತಿ ಸದಸ್ಯನಾಗಿದ್ದ 2021ರ ಒಂದು ಸಾಮಾನ್ಯ ಸಭೆಯಲ್ಲಿ ಎದುರು ಗುಂಪಿನ ಸದಸ್ಯರೊಬ್ಬರು ಆ ಬಿಲ್ಲಿನ ಜೆರಾಕ್ಸನ್ನು ಮೇಜಿನ ಮೇಲಿಟ್ಟು, ಏನೂ ಮಾತಾಡದೆ, ತಮ್ಮ ಫೋನಿನಿಂದ ಆ ನಂಬರಿಗೆ ರಿಂಗ್ ಕೊಟ್ಟರು. ನನ್ನ ಅಂಗಿ ಜೇಬಿನಲ್ಲಿ ಹಾಡು ಶುರುವಾಯಿತು.

ನಮ್ಮೂರಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಪೈಪು, ವಾಲ್ವು, ಸಿಮೆಂಟು, ಸಬ್‌ಮರ್ಸಿಬಲ್ ಮೋಟಾರು, ಬೀದಿದೀಪದ ಬಲ್ಬು. ಗ್ರಾಮ ಪಂಚಾಯ್ತಿ ವರ್ಷವಿಡೀ ಕೊಳ್ಳುವುದು ಹೆಚ್ಚುಕಮ್ಮಿ ಇದೇ ಪಟ್ಟಿ. 2020ರ ಡಿಸೆಂಬರ್ ಚುನಾವಣೆಗೆ ಮುಂಚೆ ಪಂಚಾಯ್ತಿಯೇ ನನ್ನ ದೊಡ್ಡ ಗಿರಾಕಿ. ಸುಳ್ಳು ಯಾಕೆ, ಆ ಕಾಲದಲ್ಲಿ ಮೂರು ಕೊಟೇಷನ್ ಬೇಕು ಅಂದಾಗ ಮೂರನ್ನೂ ನಾನೇ ಹೊಂದಿಸುತ್ತಿದ್ದೆ. ಒಂದು ನನ್ನದು, ಇನ್ನೆರಡು ಪರಿಚಯದವರ ಲೆಟರ್‌ಹೆಡ್‌ನಲ್ಲಿ ಸ್ವಲ್ಪ ಜಾಸ್ತಿ ರೇಟು ಹಾಕಿದವು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಅದನ್ನು ಕಳ್ಳತನ ಅಂತ ಯಾರೂ ಕರೆಯುತ್ತಿರಲಿಲ್ಲ. 'ಫೈಲು ಪೂರ್ತಿ ಮಾಡೋದು' ಅನ್ನುತ್ತಿದ್ದರು.

ಆ ಚುನಾವಣೆಗೆ ನಾನೂ ನಿಂತು ಗೆದ್ದೆ. ಗೆದ್ದ ಮೇಲೆ ಸದಸ್ಯರಿಗೆಲ್ಲ ಒಂದು ತರಬೇತಿ ಆಯಿತು. ಊಟ ಚೆನ್ನಾಗಿತ್ತು. ಅಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದ 12ನೇ ಪ್ರಕರಣವನ್ನು ಓದಿ ಹೇಳಿದರು: ಪಂಚಾಯ್ತಿಯ ಕೆಲಸದಲ್ಲಾಗಲಿ ಕರಾರಿನಲ್ಲಾಗಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಅಥವಾ ಹಣದ ಹಿತಾಸಕ್ತಿ ಇದ್ದರೆ ಸದಸ್ಯತ್ವಕ್ಕೇ ಕುತ್ತು. 'ನೇರವಾಗಿ' ಅನ್ನುವುದನ್ನು ಕೇಳಿಸಿಕೊಂಡೆ. 'ಪರೋಕ್ಷವಾಗಿ' ಅನ್ನುವುದು ನನಗಲ್ಲ ಅಂದುಕೊಂಡೆ. ನಾಲ್ಕೇ ತಿಂಗಳಿಗೆ ಮೇಲಿನಹಟ್ಟಿಯ ಬೋರಿನ ಮೋಟಾರು ಸುಟ್ಟುಹೋಯಿತು. ವಾಟರ್‌ಮ್ಯಾನ್ ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿದ. ಮೋಟಾರು ಇದ್ದದ್ದು ನನ್ನ ಅಂಗಡಿಯಲ್ಲೇ. ಕೊಟ್ಟೆ. ಬಿಲ್ಲು ಬಾಮೈದನ ಹೆಸರಲ್ಲಿ ಹಾಕಿಸಿದೆ.

ಆ ಸಭೆಯಲ್ಲಿ ನಾನು ವಾದ ಮಾಡಲಿಲ್ಲ. ದುಡ್ಡು ಇನ್ನೂ ಪಾವತಿಯಾಗಿರಲಿಲ್ಲ, ಅದೊಂದೇ ಪುಣ್ಯ. 'ಈ ಬಿಲ್ಲು ನಮ್ಮ ಮನೆಯದು, ಪಾವತಿ ಬೇಡ' ಅಂತ ಅಲ್ಲೇ ಬರೆದುಕೊಟ್ಟೆ. ಮೋಟಾರು ಅಷ್ಟೊತ್ತಿಗೆ ನಾನೂರು ಅಡಿ ಕೆಳಗೆ ಓಡುತ್ತಿತ್ತು, ವಾಪಸ್ ಎತ್ತುವ ಹಾಗಿರಲಿಲ್ಲ. ಹಾಗೆ ಬರೆದುಕೊಟ್ಟರೆ ಮಾಡಿದ್ದು ಅಳಿಸಿಹೋಗುತ್ತದೆ ಅಂತ ನಾನು ತಿಳಿದಿಲ್ಲ. ಅವರು ದೂರು ಒಯ್ದಿದ್ದರೆ ನಾನು ಅವತ್ತೇ ಮನೆಗೆ ಹೋಗಬೇಕಿತ್ತೇನೋ. ಒಯ್ಯಲಿಲ್ಲ. ಯಾಕೆ ಅಂತ ನಾನೂ ಕೇಳಿಲ್ಲ.

ಮಾರನೇ ವಾರ ಒಂದು ಹಾಳೆ ತಗೊಂಡು ಕೂತೆ. ನನ್ನ ಅಂಗಡಿ, ಹೆಂಡತಿ ಹೆಸರಿನ ತೋಟದ ಸರ್ವೆ ನಂಬರು, ಬಾಮೈದನ ಬಿಲ್ ಬುಕ್ಕು, ಜೆಸಿಬಿ ಇಟ್ಟಿರುವ ಚಿಕ್ಕಪ್ಪನ ಮಗ, ಚರಂಡಿ ಕೆಲಸ ಹಿಡಿಯುವ ಇನ್ನೊಬ್ಬ ನಂಟ, ಪಂಚಾಯ್ತಿ ನನಗೆ ಕೊಡಬೇಕಿದ್ದ ಹಳೇ ಬಾಕಿ, ಎಲ್ಲ ಬರೆದೆ. ಹಳ್ಳಿಯಲ್ಲಿ ಈ ಪಟ್ಟಿಗೆ ಕೊನೆ ಅನ್ನುವುದಿಲ್ಲ. ಮೂರು ತಲೆಮಾರು ಹಿಂದಕ್ಕೆ ಹೋದರೆ ಅರ್ಧ ಊರೇ ನೆಂಟರು. ನಮ್ಮ ಮನೆಯ ಮದುವೆಗೆ ಮುಯ್ಯಿ ಮಾಡುವಷ್ಟು ಹತ್ತಿರದವರು ಯಾರೋ ಅವರನ್ನು ಹಾಕುವುದು ಅಂತ ನಾನೇ ಒಂದು ಗೆರೆ ಎಳೆದುಕೊಂಡೆ. ಮುಯ್ಯಿ ಪುಸ್ತಕ ಮನೆಯಲ್ಲೇ ಇತ್ತಲ್ಲ, ಹುಡುಕುವುದು ಕಷ್ಟವಾಗಲಿಲ್ಲ.

ಹಾಳೆಯನ್ನು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಮೇಡಂ ಕೈಗೆ ಕೊಟ್ಟೆ. ಎರಡು ಸಲ ಓದಿ, "ಇದನ್ನ ಯಾವ ಫೈಲಿಗೆ ಹಾಕ್ಲಿ ಸಾರ್?" ಅಂದರು. ಕಂದಾಯಕ್ಕೆ ಫೈಲಿತ್ತು, ನರೇಗಾಕ್ಕಿತ್ತು, ಸತ್ತ ನಾಯಿ ಎತ್ತಿಸಿದ ಖರ್ಚಿಗೂ ಇತ್ತು. ಇದಕ್ಕಿರಲಿಲ್ಲ. ಕೊನೆಗೆ ಮುಂದಿನ ಸಭೆಯಲ್ಲಿ ಓದಿಸಿ ನಡವಳಿ ಪುಸ್ತಕಕ್ಕೇ ಬರೆಸಿದೆವು. ಓದುವಾಗ ಕೆಲವರು ನಕ್ಕರು. ಇಬ್ಬರು ನಗಲಿಲ್ಲ, ಅವರಿಗೆ ತಮ್ಮ ಹಾಳೆ ನೆನಪಾಯಿತು ಅಂತ ಕಾಣುತ್ತದೆ.

2023ರಲ್ಲಿ ಎರಡನೇ ಅವಧಿಗೆ ಅಧ್ಯಕ್ಷ ಸ್ಥಾನ ಸಾಮಾನ್ಯ ವರ್ಗಕ್ಕೆ ಬಂತು, ನಾನು ಅಧ್ಯಕ್ಷನಾದೆ. ಅಧ್ಯಕ್ಷನೆಂದರೆ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸಿ ಡಿಜಿಟಲ್ ಸಹಿ ಹಾಕುವ ಕಡ್ಡಿ. ಕೇಂದ್ರದ ಹದಿನೈದನೇ ಹಣಕಾಸು ಆಯೋಗದ ದುಡ್ಡು ಹೊರಗೆ ಹೋಗಬೇಕಾದರೆ ಪಿಡಿಒ ಡಾಂಗಲ್ಲೂ ಬೇಕಿತ್ತು, ನನ್ನದೂ ಬೇಕಿತ್ತು. ಆ ಅನುದಾನದಲ್ಲಿ ನೂರಕ್ಕೆ ಅರವತ್ತು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದರು. ಅಂದರೆ ಪೈಪು, ಮೋಟಾರು, ವಾಲ್ವು. ನನ್ನ ಅಂಗಡಿಯ ಕಪಾಟುಗಳೇ ಕಣ್ಣೆದುರು ಬರುತ್ತಿದ್ದವು. ಅಕ್ಕಪಕ್ಕದ ಊರುಗಳಲ್ಲಿ ಅಧ್ಯಕ್ಷೆಯ ಡಾಂಗಲ್ ಗಂಡನ ಸೊಂಟದ ಚೀಲದಲ್ಲಿ ಓಡಾಡುವುದು ನೋಡಿದ್ದೆ. ನನ್ನದನ್ನು ಪಂಚಾಯ್ತಿ ಬೀರುವಿನಲ್ಲೇ ಇಟ್ಟೆ, ಅಂಗಡಿಗೆ ತರಲಿಲ್ಲ.

ಸಾಮಾನು ಖರೀದಿಗೆ ವರ್ಷದ ದರ ಗೊತ್ತು ಮಾಡಿಸಿ ತಾಲ್ಲೂಕು ಕೇಂದ್ರದ ಒಂದು ಅಂಗಡಿಗೆ ಒಪ್ಪಿಸಿದೆವು. ಅವನ ರೇಟು ನನಗಿಂತ ಜಾಸ್ತಿ, ಮೇಲೆ ಹದಿನೆಂಟು ಕಿಲೋಮೀಟರ್ ಗಾಡಿ ಬಾಡಿಗೆ. ಒಬ್ಬ ಮುದುಕ ಅಂಗಡಿ ಮುಂದೆಯೇ ನಿಂತು ಕೇಳಿದ: "ನಿನ್ ಅಂಗ್ಡೀಲಿ ಕಮ್ಮಿಗ್ ಸಿಗೋ ಪೈಪ್ನ ಅಲ್ಲಿಂದ ಜಾಸ್ತಿಗ್ ತರ್ಸ್ತೀಯಲ್ಲಪ್ಪ, ಇದ್ಯಾವ್ ನ್ಯಾಯ?" ಅವನ ಲೆಕ್ಕ ತಪ್ಪಿರಲಿಲ್ಲ. ಇವತ್ತಿಗೂ ಆ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಸಭೆಯಿಂದ ಎದ್ದು ಹೋಗುವುದನ್ನೂ ಕಲಿಯಬೇಕಾಯಿತು. ಚಿಕ್ಕಪ್ಪನ ಮಗನ ಜೆಸಿಬಿ ಬಾಡಿಗೆ ವಿಷಯ ಬಂದಾಗ 'ಇದರಲ್ಲಿ ನನ್ನ ಸಂಬಂಧಿ ಇದ್ದಾನೆ' ಅಂತ ನಡವಳಿಗೆ ಬರೆಸಿ, ಉಪಾಧ್ಯಕ್ಷೆಗೆ ಕುರ್ಚಿ ಬಿಟ್ಟು ಎದುರಿನ ಟೀ ಅಂಗಡಿಯಲ್ಲಿ ಕೂತೆ. ಕಿಟಕಿಯಿಂದ ಎಲ್ಲರಿಗೂ ನಾನು ಕಾಣುತ್ತಿದ್ದೆ. ಹತ್ತೇ ನಿಮಿಷದಲ್ಲಿ ತೀರ್ಮಾನವಾಗಿ ಹೋಯಿತು, ಅವನಿಗೇ. ಆಮೇಲೆ ಉಪಾಧ್ಯಕ್ಷೆ ಹೇಳಿದರು: "ಅಣ್ಣಾ, ನೀವು ಅಲ್ಲಿ ಕೂತ್ಕಂಡು ಟೀ ಕುಡೀತಿದ್ರೆ ನಾವು ಇನ್ನೇನ್ ಮಾಡಾಣ?" ಎರಡನೇ ಸಲ ಅಂಥ ವಿಷಯ ಇದ್ದ ದಿನ ಬೆಳಿಗ್ಗೆಯೇ ತಿಪಟೂರಿಗೆ ಕೊಬ್ಬರಿ ಹರಾಜಿಗೆ ಹೋದೆ. ಫೋನು ಮನೆಯಲ್ಲೇ ಬಿಟ್ಟಿದ್ದೆ. ಆ ಸಲ ಕೆಲಸ ಬೇರೆಯವನಿಗೆ ಹೋಯಿತು. ಚಿಕ್ಕಪ್ಪನ ಮಗ ಆರು ತಿಂಗಳು ನಮ್ಮ ಹೊಸಿಲು ತುಳಿಯಲಿಲ್ಲ.

ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ಬರ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. 2024ರ ಮಾರ್ಚಿಗೆ ಕೆಳಗಿನಹಟ್ಟಿಯ ಎರಡೂ ಬೋರು ಒಣಗಿದವು. ಖಾಸಗಿ ಬೋರುಗಳನ್ನು ಬಾಡಿಗೆಗೆ ಹಿಡಿದು ನೀರು ಕೊಡಿ ಅಂತ ಮೇಲಿನಿಂದ ಸೂಚನೆ ಬಂತು. ಹಟ್ಟಿಗೆ ತೀರಾ ಹತ್ತಿರ, ಇನ್ನೂ ಎರಡು ಇಂಚು ನೀರಿದ್ದ ಬೋರು ಯಾವುದು ಅಂದರೆ ನಮ್ಮ ತೆಂಗಿನ ತೋಟದ್ದು.

ಬಾಡಿಗೆ ತಗೊಳ್ಳುವ ಹಾಗಿಲ್ಲ, ಅದು ಸ್ಪಷ್ಟ. ಪುಕ್ಕಟೆ ಕೊಡುತ್ತೇನೆ ಅಂದೆ. ಪುಕ್ಕಟೆ ಅಂದರೆ ಯಾರೂ ಬೆರಳು ತೋರಿಸುವ ಹಾಗಿಲ್ಲ ಅನ್ನುವ ಧೈರ್ಯ. ನಾನಿಲ್ಲದ ಸಭೆಯಲ್ಲಿ ಒಪ್ಪಿದರು, 320 ಮೀಟರ್ ಕರಿ ಪೈಪು ದಾಸ್ತಾನು ಪುಸ್ತಕದಲ್ಲಿ ಬರೆದು ತೋಟದಿಂದ ಹಟ್ಟಿಯ ಟ್ಯಾಂಕಿಗೆ ಎಳೆದರು. ಮೂರನೇ ದಿನಕ್ಕೇ ಮಾತು ಶುರು: 'ಅಧ್ಯಕ್ಷ ತನ್ನ ತೋಟಕ್ಕೆ ಸರ್ಕಾರಿ ಪೈಪು ಎಳೆಸ್ಕೊಂಡ.' ನೀರು ಯಾವ ಕಡೆಗೆ ಹರಿಯುತ್ತಿದೆ ಅಂತ ಕಣ್ಣಾರೆ ಕಂಡವರೂ ಅದನ್ನೇ ಹೇಳಿದರು. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಮಳೆ ಬಂದ ಮೇಲೆ ಆ ಪೈಪು ಎಲ್ಲಿರುತ್ತದೆ? ನನ್ನ ತೋಟದಲ್ಲೇ ತಾನೆ. ಅವರು ಮುಂದಿನದನ್ನು ಇವತ್ತೇ ಹೇಳುತ್ತಿದ್ದರು, ಅಷ್ಟೆ.

ಜೂನ್‌ನಲ್ಲಿ ಮಳೆ ಬಂತು. ಪೈಪು ಬಿಚ್ಚಿಸಿಕೊಳ್ಳಿ ಅಂತ ಮೂರು ಸಲ ಹೇಳಿದರೂ ಯಾರೂ ಬರಲಿಲ್ಲ. ಯಾರಿಗೂ ಅದು ಅವಸರದ ಕೆಲಸವಲ್ಲ. ಜುಲೈನಲ್ಲಿ ನಾನೇ ಆಳು ಹಿಡಿದು ಸುತ್ತಿಸಿ, ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಪಂಚಾಯ್ತಿ ಅಂಗಳಕ್ಕೆ ತಂದಿಳಿಸಿದೆ. ಕರವಸೂಲಿಗಾರ ಟೇಪು ಹಿಡಿದು ಅಳೆದ: ಮುನ್ನೂರು ಮೀಟರ್. ಇಪ್ಪತ್ತು ಮೀಟರನ್ನು ಇಲಿ ಕಡಿದು, ಎತ್ತಿನ ಗಾಡಿ ಹತ್ತಿ ಹಾಳಾಗಿತ್ತು, ತುಂಡುಗಳನ್ನು ನಾನು ಬದುವಿನ ಮೇಲೇ ಬಿಟ್ಟು ಬಂದಿದ್ದೆ. "ಇರ್ಲಿ ಬಿಡಿ ಅಧ್ಯಕ್ಷರೇ, ಸವಕಲು ಅಂತ ಬರಕಂತೀನಿ" ಅಂದ. ಬೇಡ ಅಂದೆ. ನನ್ನ ಅಂಗಡಿಯಲ್ಲಿ ಅದೇ ಪೈಪು ಸುರುಳಿಗಟ್ಟಲೆ ಬಿದ್ದಿತ್ತು. ಅದನ್ನು ಕೊಟ್ಟರೆ ಮತ್ತೆ ನನ್ನ ಅಂಗಡಿ ಸಾಮಾನು ಪಂಚಾಯ್ತಿ ಪುಸ್ತಕ ಸೇರಿದಂತೆ. ತಾಲ್ಲೂಕಿನ ಆ ಅಂಗಡಿಗೇ ಹೋಗಿ ಇಪ್ಪತ್ತು ಮೀಟರ್ ಕೊಂಡು ತಂದೆ. ಅವನು ರಸೀದಿ ಬರೆಯುವಾಗ ನನ್ನ ಮುಖ ನೋಡಿದ ರೀತಿ ಮರೆಯಲಾರೆ. ಪೈಪು ಮಾರುವವನೇ ಬಂದು ಪೈಪು ಕೊಳ್ಳುತ್ತಿದ್ದಾನಲ್ಲ! ರೇಟಿನಲ್ಲಿ ಒಂದು ರೂಪಾಯಿ ಬಿಡಲಿಲ್ಲ.

ಇನ್ನು ಆ ಹಳೇ ಬಾಕಿ. ಚುನಾವಣೆಗೆ ನಿಲ್ಲುವ ಎಷ್ಟೋ ಮುಂಚೆ ಕೊಟ್ಟ ಸಾಮಾನಿನದು, 38,400 ರೂಪಾಯಿ. ನ್ಯಾಯವಾಗಿ ಬರಬೇಕಾದದ್ದೇ. ಅಧ್ಯಕ್ಷನಾದ ಮೊದಲ ತಿಂಗಳೇ ಮೇಡಂ, "ನಿಮ್ಮ ಹಳೇ ಬಿಲ್ಲು ತನ್ನಿ ಸಾರ್, ವೋಚರ್ ಹಾಕ್ತೀನಿ" ಅಂದರು. ವೋಚರ್ ಹಾಕಿದರೆ ಒಪ್ಪಿಗೆಗೆ ನನ್ನ ಸಹಿಯೇ ಬೇಕು. ನನ್ನ ಅಂಗಡಿಗೆ ನಾನೇ ಸಹಿ ಹಾಕಿ ದುಡ್ಡು ಕಳಿಸುವುದು. ತಾಲ್ಲೂಕು ಕಚೇರಿಯಲ್ಲಿ ಹಿರಿಯರೊಬ್ಬರನ್ನು ಕೇಳಿದೆ. "ನಿಮ್ಮ ದುಡ್ಡು ನೀವು ತಗೊಳ್ಳೋಕೆ ಯಾಕ್ರೀ ಇಷ್ಟು ಒದ್ದಾಡ್ತೀರಾ" ಅಂತ ನಕ್ಕರು. ಬರವಣಿಗೆಯಲ್ಲಿ ಕೊಡಿ ಸಾರ್ ಅಂದೆ. ನಗು ನಿಂತಿತು, ಬರವಣಿಗೆ ಬರಲಿಲ್ಲ.

ಬಿಲ್ಲಿನ ಕಾರ್ಬನ್ ಪ್ರತಿ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾದಲ್ಲಿದೆ. ಅಕ್ಷರ ಮಾಸುತ್ತಾ ಬಂದಿದೆ, ಮೊತ್ತ ಇನ್ನೂ ಓದಬಹುದು. ದೀಪಾವಳಿಗೆ ಅಂಗಡಿ ಪೂಜೆ ಮಾಡಿ ಲೆಕ್ಕದ ಪುಸ್ತಕ ಬದಲಾಯಿಸುವಾಗಲೆಲ್ಲ ನನ್ನ ಹೆಂಡತಿ ಅದನ್ನು ಹೊರಗೆ ತೆಗೆದು, ವರ್ಷದ ಬಡ್ಡಿ ಬಾಯಲ್ಲೇ ಲೆಕ್ಕ ಹಾಕಿ, ಮತ್ತೆ ಅಲ್ಲೇ ಇಡುತ್ತಾಳೆ.